ಕೊನೆಯ ಬಸ್ಸು ಯಾರ ಹೊಣೆ: ಮಲೆನಾಡಿನ ಊರುಗಳ ಸಾರಿಗೆ, ಹಣ, ರಾಜಕಾರಣ



ನಮ್ಮೂರಿಗೆ ರಸ್ತೆ ಬೇಕು ಎಂದು ಕೇಳುವುದು ಈಗ ಯಾರಿಗೂ ಅತಿಯಾಸೆ ಎನಿಸುವುದಿಲ್ಲ. 2000ದ ಡಿಸೆಂಬರಿನಲ್ಲಿ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಎಷ್ಟು ಜನರಿರುವ ಊರಿಗೆ ಸರ್ವಋತು ರಸ್ತೆ ಸಿಗಬೇಕು ಎಂಬುದಕ್ಕೆ ಒಂದು ಅಳತೆಗೋಲನ್ನೇ ಇಟ್ಟಿತು. ಸಾಮಾನ್ಯವಾಗಿ 500 ಜನ, ಕೆಲವು ವಿಶೇಷ ಪ್ರದೇಶಗಳಲ್ಲಿ 250 ಜನ. ಅಷ್ಟು ಜನರಿದ್ದೂ ರಸ್ತೆ ಇಲ್ಲದಿದ್ದರೆ ಅದು ಸರ್ಕಾರದ ಕಡೆಯಿಂದ ಆಗಿರುವ ಲೋಪ ಎಂದು ಧೈರ್ಯವಾಗಿ ಹೇಳಬಹುದು. ಆದರೆ ಆ ರಸ್ತೆಯ ಮೇಲೆ ದಿನಕ್ಕೆ ಎಷ್ಟು ಬಸ್ಸು ಓಡಬೇಕು, ಮೊದಲನೆಯದು ಎಷ್ಟು ಗಂಟೆಗೆ, ಕೊನೆಯದು ಎಷ್ಟು ಗಂಟೆಗೆ, ಓಡದಿದ್ದರೆ ಯಾರನ್ನು ಕೇಳಬೇಕು? ಈ ಪ್ರಶ್ನೆಗಳಿಗೆ ನಮ್ಮ ರಾಜ್ಯದಲ್ಲಿ ಅಂಥ ಯಾವ ಅಳತೆಗೋಲೂ ಇಲ್ಲ. ರಸ್ತೆ ಹಕ್ಕಾಯಿತು, ಬಸ್ಸು ಕೃಪೆಯಾಗಿಯೇ ಉಳಿಯಿತು. ಈ ವ್ಯತ್ಯಾಸ ಹೇಗೆ ಬಂತು, ಅದನ್ನು ಸರಿಪಡಿಸುವ ದಾರಿ ಯಾವುದು ಎಂಬುದೇ ಇವತ್ತು ನಾನು ತಮ್ಮ ಮುಂದಿಡುವ ವಿಚಾರ.

ಅರಳಸುರಳಿಯಂಥ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತು ಬೆಳೆಸುತ್ತೇನೆ. ತೀರ್ಥಹಳ್ಳಿ ತಾಲ್ಲೂಕಿನ ಈ ಊರಿನ ಬದುಕು, ತೀರ್ಥಹಳ್ಳಿ, ಹೊಸನಗರ, ಸಾಗರ ಈ ಮೂರೂ ತಾಲ್ಲೂಕುಗಳ ನೂರಾರು ಊರುಗಳ ಬದುಕಿನ ಹಾಗೆಯೇ, ಪೇಟೆಯ ಜೊತೆ ಹೆಣೆದುಕೊಂಡಿದೆ. ಪಿಯುಸಿ, ಡಿಗ್ರಿ ಓದುವುದಕ್ಕೆ ಪೇಟೆ. ಕೋರ್ಟು, ತಾಲ್ಲೂಕು ಕಚೇರಿ, ಅಡಿಕೆ ಮಂಡಿ ಎಲ್ಲಕ್ಕೂ ಪೇಟೆ. ಕಾಯಿಲೆ ಸ್ವಲ್ಪ ಗಟ್ಟಿಯಾದರೆ ಶಿವಮೊಗ್ಗ, ಇಲ್ಲವೇ ಆಗುಂಬೆ ಘಾಟಿ ಇಳಿದು ಮಣಿಪಾಲ. ಹಾಗಿದ್ದೂ ಇಲ್ಲಿನ ಊರು ಬಯಲುಸೀಮೆಯ ಊರಿನಂತೆ ಒಂದೇ ಕಡೆ ಗುಂಪಾಗಿ ಕೂತಿಲ್ಲ. ತೋಟದ ತಲೆಯಲ್ಲೊಂದು ಮನೆ, ಗದ್ದೆಯಾಚೆ ಎರಡು, ಹಳ್ಳ ದಾಟಿ ಗುಡ್ಡ ಹತ್ತಿದರೆ ಮತ್ತೊಂದು. ಬಯಲುಸೀಮೆಯಲ್ಲಿ ಬಸ್ಸು ಊರ ಮುಂದೆ ಒಮ್ಮೆ ನಿಂತರೆ ತುಂಬಿಬಿಡುತ್ತದೆ. ಇಲ್ಲಿ ಅಷ್ಟೇ ಜನರನ್ನು ಹತ್ತಿಸಿಕೊಳ್ಳಲು ಹತ್ತಾರು ತಿರುವಿನಲ್ಲಿ, ಕೈ ಅಡ್ಡ ಹಾಕಿದ ಕಡೆಯಲ್ಲೆಲ್ಲ ನಿಲ್ಲಬೇಕು. ಡೀಸೆಲ್ ಹೆಚ್ಚು, ಹೊತ್ತು ಹೆಚ್ಚು, ಬ್ರೇಕು ಟೈರು ಸವೆಯುವುದೂ ಹೆಚ್ಚು, ಕಲೆಕ್ಷನ್ ಮಾತ್ರ ಕಡಿಮೆ. ಮಲೆನಾಡಿನ ಸಾರಿಗೆಯ ಕಷ್ಟವೆಲ್ಲ ಈ ನೆಲದ ಸ್ವರೂಪದಿಂದಲೇ ಹುಟ್ಟುತ್ತದೆ. ಯಾರದ್ದೋ ದುರಾಸೆ, ಯಾರದ್ದೋ ಸೋಮಾರಿತನ ಎಂದು ತೀರ್ಪು ಕೊಡುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು.

ಈ ಭಾಗದಲ್ಲಿ ಬಸ್ಸು ಜನರನ್ನಷ್ಟೇ ಹೊತ್ತು ಬಂದಿಲ್ಲ ಎಂಬುದನ್ನೂ ನೆನೆಯಬೇಕು. ಕಂಡಕ್ಟರ ಕೈಗೆ ಕೊಟ್ಟ ಮಾತ್ರೆಯ ಚೀಟಿ ಸಂಜೆ ಮಾತ್ರೆಯಾಗಿ ವಾಪಸ್ಸು ಬರುತ್ತಿತ್ತು. ಪತ್ರಿಕೆಯ ಕಟ್ಟು, ಕೊಳೆರೋಗಕ್ಕೆ ಹೊಡೆಯಲು ಮೈಲುತುತ್ತ, ಕೆಟ್ಟ ಪಂಪಿನ ವಾಷರು, ಹಾಸ್ಟೆಲಿನಲ್ಲಿರುವ ಮಗನಿಗೆ ಉಪ್ಪಿನಕಾಯಿ ಭರಣಿ, ಎಲ್ಲವೂ ಡ್ರೈವರ್ ಸೀಟಿನ ಪಕ್ಕದ ಬಾನೆಟ್ ಮೇಲೆ ಕೂತು ಪ್ರಯಾಣ ಮಾಡಿದಂಥವೇ. ರಾತ್ರಿ ಹಾಲ್ಟ್ ಬಸ್ಸಿದ್ದ ಊರುಗಳಿಗೆ ಒಂದು ಬೇರೆಯೇ ಭದ್ರತೆ ಇರುತ್ತಿತ್ತು. ಕತ್ತಲಾದ ಮೇಲೆ ಬಂದ ಬಸ್ಸು ಕೊನೆಯ ಸ್ಟಾಪಿನಲ್ಲೇ ನಿಂತು, ಡ್ರೈವರು ಕಂಡಕ್ಟರು ಅಂಗಡಿಯ ಜಗುಲಿಯಲ್ಲೋ ಬಸ್ಸಿನ ಸೀಟಿನ ಮೇಲೋ ಮಲಗಿ, ಬೆಳಗಾಗುವ ಮೊದಲೇ ಎಂಜಿನ್ ಬಿಸಿ ಮಾಡುತ್ತಿದ್ದರು. ಆ ಬಸ್ಸಿದ್ದರೆ ಪೇಟೆಯಿಂದ ಮರಳಿ ಬರುವುದು ಖಾತ್ರಿ, ಮರುದಿನ ಪೇಟೆಗೆ ಹೊತ್ತಿಗೆ ಸರಿಯಾಗಿ ಮುಟ್ಟುವುದೂ ಖಾತ್ರಿ. ಹೀಗೆ ದಿನದ ಎರಡು ತುದಿಗಳೂ ಭದ್ರವಾಗಿದ್ದರೆ ಮಾತ್ರ ಒಂದು ಊರಿಗೆ ಬಸ್ಸಿದೆ ಎನ್ನಬಹುದು. ನಡುಹಗಲಿನಲ್ಲಿ ನಾಲ್ಕು ಬಸ್ಸು ಓಡಿದರೂ, ಬೆಳಿಗ್ಗೆ ಕಾಲೇಜಿನ ಹೊತ್ತಿಗೆ ಮುಟ್ಟಿಸುವುದು ಒಂದೂ ಇಲ್ಲದಿದ್ದರೆ ಅದು ಆ ಊರಿನ ಹುಡುಗಿಯ ಪಾಲಿಗೆ ಬಸ್ಸೇ ಅಲ್ಲ. ಸಾರಿಗೆಯನ್ನು ಬಸ್ಸುಗಳ ಲೆಕ್ಕದಿಂದ ಅಳೆಯಬಾರದು, ಹೊತ್ತಿನಿಂದ ಅಳೆಯಬೇಕು ಎಂಬುದು ನನ್ನ ಮೊದಲ ನಿಲುವು.

ಈಗ ಸ್ವಲ್ಪ ಇತಿಹಾಸ. ಮೈಸೂರು ಸಂಸ್ಥಾನದಲ್ಲಿ ಸರ್ಕಾರವೇ ಬಸ್ಸು ಓಡಿಸಲು ಮುಂದಾದದ್ದು 1948ರ ಸೆಪ್ಟೆಂಬರ್ 12ರಂದು, 120 ಬಸ್ಸುಗಳೊಂದಿಗೆ, ಸರ್ಕಾರದ ರಸ್ತೆ ಸಾರಿಗೆ ಇಲಾಖೆಯ ಹೆಸರಿನಲ್ಲಿ. ಅದು 1961ರ ಆಗಸ್ಟಿನಲ್ಲಿ ನಿಗಮವಾಯಿತು. ಅದೇ ಇವತ್ತಿನ ಕೆಎಸ್‌ಆರ್‌ಟಿಸಿಯ ಮೂಲ. ರಾಷ್ಟ್ರೀಕರಣ ಎಂಬುದು ಇಡೀ ರಾಜ್ಯಕ್ಕೆ ಒಂದೇ ದಿನ ಬಂದದ್ದಲ್ಲ. 1956ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ ಅಧ್ಯಾಯದ ಪ್ರಕಾರ ಪ್ರದೇಶವಾರು, ಮಾರ್ಗವಾರು ಸ್ಕೀಮುಗಳನ್ನು ಹೊರಡಿಸಿ, ಆ ದಾರಿಗಳನ್ನು ನಿಗಮಕ್ಕೆ ಮೀಸಲಿಡಲಾಯಿತು. ಹಳೆ ಮೈಸೂರಿನ ಬಯಲು ಜಿಲ್ಲೆಗಳು ಹೀಗೆ ಹೆಚ್ಚುಕಡಿಮೆ ಸರ್ಕಾರಿ ಬಸ್ಸಿನ ಸೀಮೆಯಾದವು. ಕರಾವಳಿ, ಚಿಕ್ಕಮಗಳೂರು, ಶಿವಮೊಗ್ಗದ ಮಲೆನಾಡು ಬಹುಮಟ್ಟಿಗೆ ಖಾಸಗಿಯವರ ಕೈಯಲ್ಲೇ ಉಳಿದವು. ಅವರು ಆಗಲೇ ಬೇರು ಬಿಟ್ಟಿದ್ದರು. ಘಾಟಿ, ಮಳೆ, ಮಣ್ಣಿನ ರಸ್ತೆಗಳಿರುವ ಕಡೆ ಹೊಸದಾಗಿ ಬಂದು ಬಸ್ಸು ಓಡಿಸುವುದು ಲಾಭದ ಮಾತೂ ಆಗಿರಲಿಲ್ಲ.

ಆ ಖಾಸಗಿಯವರನ್ನು ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ. ಸಾಗರದ ಗಜಾನನ, ಕೊಪ್ಪದ ಶಂಕರ್ ಮೊದಲಾದ ಹೆಸರುಗಳು ಎರಡು ಮೂರು ತಲೆಮಾರಿನ ಮಲೆನಾಡಿಗರಿಗೆ ಮನೆಮಾತು. ಜಡಿಮಳೆಯಲ್ಲಿ, ಮರ ಬಿದ್ದ ದಾರಿಯಲ್ಲಿ, ಸರ್ಕಾರಿ ಬಸ್ಸು ಕಾಣದ ಮೂಲೆಗಳಿಗೆ ಖಾಸಗಿ ಬಸ್ಸುಗಳೇ ಹೋಗಿವೆ. ಆದರೆ ಖಾಸಗಿ ಬಸ್ಸಿನ ವ್ಯವಸ್ಥೆಗೆ ಒಂದು ಮಿತಿಯಿದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಪರ್ಮಿಟ್ ಕೊಡುತ್ತದೆ, ಟೈಮಿಂಗ್ ಗೊತ್ತು ಮಾಡುತ್ತದೆ. ಪರ್ಮಿಟ್ ಎಂದರೆ ಕೇಳಿದವರಿಗೆ ಕೊಡುವ ಅನುಮತಿ. ಯಾರೂ ಅರ್ಜಿಯನ್ನೇ ಹಾಕದ ದಾರಿಗೆ ಬಸ್ಸು ಬಿಡಿ ಎಂದು ಹೇಳುವುದಕ್ಕೆ ಆ ಪ್ರಾಧಿಕಾರದ ಬಳಿ ಬಸ್ಸೂ ಇಲ್ಲ, ಹಣವೂ ಇಲ್ಲ. 1939ರ ಹಳೆಯ ಕಾಯ್ದೆಯಲ್ಲಿ ಸಾರ್ವಜನಿಕರ ಅನುಕೂಲ, ರಸ್ತೆಯ ಸ್ಥಿತಿ, ಇರುವ ಸೇವೆ ಸಾಕೇ ಎಂಬುದನ್ನೆಲ್ಲ ತೂಗಿ ಪರ್ಮಿಟ್ ಕೊಡಬೇಕಿತ್ತು. 1988ರ ಕಾಯ್ದೆಯ 80ನೇ ಕಲಂ, ಸಾಮಾನ್ಯವಾಗಿ ಅರ್ಜಿಯನ್ನು ನಿರಾಕರಿಸಬಾರದು ಎಂದಿತು. ಸುಪ್ರೀಂ ಕೋರ್ಟು 1991ರಲ್ಲಿ ಈ ಉದಾರ ನೀತಿಯನ್ನು ಎತ್ತಿಹಿಡಿಯಿತು. ಪೈಪೋಟಿ ಬೆಳೆದರೆ ಸೇವೆ ಹೆಚ್ಚುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ಆ ನಂಬಿಕೆ ಶಿವಮೊಗ್ಗ ಸಾಗರ ರಸ್ತೆಯಲ್ಲಿ, ಶಿವಮೊಗ್ಗ ತೀರ್ಥಹಳ್ಳಿ ರಸ್ತೆಯಲ್ಲಿ ನಿಜವಾಯಿತು. ಅಲ್ಲಿ ಒಂದು ಬಸ್ಸಿನ ಬೆನ್ನಿಗೆ ಇನ್ನೊಂದು ಬರುತ್ತದೆ. ಒಳದಾರಿಗಳಲ್ಲಿ ಪೈಪೋಟಿ ಹುಟ್ಟಲೇ ಇಲ್ಲ, ಯಾಕೆಂದರೆ ಅಲ್ಲಿ ಪೈಪೋಟಿ ಮಾಡಿ ಗೆಲ್ಲುವಂಥದ್ದು ಏನೂ ಇರಲಿಲ್ಲ.

ಸರ್ಕಾರಿ ನಿಗಮಕ್ಕಾದರೂ ಸ್ಪಷ್ಟವಾದ ಹೊಣೆ ಇದೆಯೇ ಎಂದು ನೋಡಿದರೆ ಅಲ್ಲೂ ಕಾನೂನು ಎರಡು ಕಡೆಗೆ ಎಳೆಯುತ್ತದೆ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 18ನೇ ಕಲಮಿನ ಪ್ರಕಾರ ದಕ್ಷವಾದ, ಸಾಕಷ್ಟು ಪ್ರಮಾಣದ, ಮಿತವ್ಯಯದ, ಸರಿಯಾಗಿ ಹೊಂದಿಸಿದ ಸೇವೆ ಕೊಡುವುದು ನಿಗಮದ ಕರ್ತವ್ಯ. ಅದೇ ಕಾಯ್ದೆಯ 22ನೇ ಕಲಂ ನಿಗಮ ವ್ಯಾಪಾರ ತತ್ತ್ವಗಳ ಮೇಲೆ ನಡೆಯಬೇಕು ಎನ್ನುತ್ತದೆ. ಹಳ್ಳಿಯವರು ಮನವಿ ಹಿಡಿದು ಹೋದಾಗ 18ನೇ ಕಲಂ ಅವರ ಪರ. ಡಿಪೋದಲ್ಲಿ ಆ ರೂಟಿನ ಆದಾಯದ ಲೆಕ್ಕ ತೆಗೆದಾಗ 22ನೇ ಕಲಂ ಅವರ ವಿರುದ್ಧ. ಈ ಎರಡರ ನಡುವಿನ ಕಂದಕ ತುಂಬಬೇಕಾದದ್ದು ಸರ್ಕಾರದ ಹಣ. ಆ ಹಣ ಎಷ್ಟು, ಯಾವ ದಾರಿಗೆ, ಯಾವ ಸೇವೆಗೆ ಎಂದು ಎಲ್ಲೂ ಬಿಡಿಸಿ ಬರೆದಿಲ್ಲ. ಹಾಗಾಗಿ ಒಳನಾಡಿನ ಟ್ರಿಪ್ಪು ಡಿಪೋ ಮ್ಯಾನೇಜರರ ಒಳ್ಳೆಯತನದ ಮೇಲೆ, ಶಾಸಕರ ಒಂದು ಫೋನಿನ ಮೇಲೆ ನಿಂತಿರುತ್ತದೆ. ಅಧಿಕಾರಿ ವರ್ಗವಾದರೆ, ಶಾಸಕರು ಸೋತರೆ, ಬಸ್ಸೂ ಹೋಯಿತು.

ಒಂದು ಟ್ರಿಪ್ ಹೇಗೆ ಸಾಯುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಬೆಳಿಗ್ಗೆ ಒಳಗಿನ ಊರಿನಿಂದ ಪೇಟೆಗೆ ಹೊರಟ ಬಸ್ಸು ತುಂಬಿರುತ್ತದೆ. ಆದರೆ ತುಂಬಿದವರಲ್ಲಿ ಬಹುಪಾಲು ಪಾಸಿನ, ಅರ್ಧ ಚಾರ್ಜಿನ ವಿದ್ಯಾರ್ಥಿಗಳು. ಅದೇ ಬಸ್ಸು ಹತ್ತು ಗಂಟೆಗೆ ವಾಪಸ್ಸು ಊರ ಕಡೆ ಹೊರಟರೆ ಬೆರಳೆಣಿಕೆಯ ಜನ. ಮಧ್ಯಾಹ್ನದ ಟ್ರಿಪ್ಪೂ ಅಷ್ಟೆ. ಸಂಜೆ ಮತ್ತೆ ತುಂಬುತ್ತದೆ, ಮತ್ತೆ ವಿದ್ಯಾರ್ಥಿಗಳೇ. ಮಾಲೀಕರು ಮೊದಲು ಮಧ್ಯಾಹ್ನದ ಟ್ರಿಪ್ ಕಟ್ ಮಾಡುತ್ತಾರೆ. ಮಧ್ಯಾಹ್ನ ಮರಳಲಾಗದು ಎಂದು ಗೊತ್ತಾದ ಮೇಲೆ ಆಸ್ಪತ್ರೆಗೆ, ಬ್ಯಾಂಕಿಗೆ ಹೋಗುವವರು ಬೆಳಗಿನ ಬಸ್ಸನ್ನೂ ಬಿಟ್ಟು ಪಕ್ಕದ ಮನೆಯ ಬೈಕನ್ನೋ ಬಾಡಿಗೆ ಓಮ್ನಿಯನ್ನೋ ನೆಚ್ಚುತ್ತಾರೆ. ಭಾನುವಾರ ಕಲೆಕ್ಷನ್ ಇಲ್ಲ ಎಂದು ಬಸ್ಸು ನಿಲ್ಲುತ್ತದೆ. ಮದುವೆಯ ದಿನಗಳಲ್ಲಿ ಸ್ಪೆಷಲ್ ಹೋಗುತ್ತದೆ. ಜೂನ್ ಜುಲೈನಲ್ಲಿ ತೆರಿಗೆಯಾದರೂ ಉಳಿಯಲಿ ಎಂದು ವಾಹನವನ್ನು ಆರ್‌ಟಿಒಗೆ ಸರೆಂಡರ್ ಮಾಡುವವರೂ ಇದ್ದಾರೆ. ಇವತ್ತು ಬರುತ್ತದೋ ಇಲ್ಲವೋ ಎಂಬ ಅನುಮಾನ ಒಮ್ಮೆ ಹುಟ್ಟಿದ ಮೇಲೆ ಬಸ್ಸಿಗೆ ಜನ ಕಾಯುವುದಿಲ್ಲ. ಜನ ಕಾಯದಿದ್ದರೆ ಉಳಿದ ಟ್ರಿಪ್ಪಿಗೂ ಕಲೆಕ್ಷನ್ ಇಲ್ಲ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷಗಳಲ್ಲಿ ಮನೆಮನೆಗೂ ಬೈಕು, ಕಾರು ಬಂದವು. ಅದರಿಂದ ಸಂತೋಷವೇ. ಆದರೆ ಬೈಕು ಬಂದದ್ದು ಮನೆಯ ಗಂಡಸಿನ ಕೈಗೆ. ಬಸ್ ಸ್ಟಾಪಿನಲ್ಲಿ ಉಳಿದವರು ಓದುವ ಮಕ್ಕಳು, ವಯಸ್ಸಾದ ಹೆಂಗಸರು, ತೋಟದ ಕೂಲಿಗೆ ಹೋಗುವವರು. ಊರಿನಲ್ಲಿ ಯಾರ ಮಾತು ನಡೆಯುತ್ತದೋ ಅವರು ಬಸ್ಸು ಹತ್ತುವುದನ್ನು ಬಿಟ್ಟ ಹೊತ್ತಿಗೆ ಬಸ್ಸಿನ ಪರವಾಗಿ ಮಾತಾಡುವವರೂ ಕಡಿಮೆಯಾದರು. ಈ ವಿಷಯ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ.

ಇಲ್ಲಿಯೇ ಸಹಕಾರ ಸಾರಿಗೆಯ ಮಾತು ಬರಬೇಕು. ಕೊಪ್ಪದ ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ಮುಚ್ಚಿದಾಗ ಅದರ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳು ಬೀದಿಗೆ ಬೀಳುವ ಬದಲು ತಾವೇ ಸೇರಿ 1991ರಲ್ಲಿ ಸಾರಿಗೆ ಸಹಕಾರ ಸಂಘ ಕಟ್ಟಿದರು. ಕೆಲವೇ ಬಸ್ಸುಗಳಿಂದ ಶುರುವಾದ ಸಂಘ 70ರ ಆಸುಪಾಸಿಗೆ ಬೆಳೆಯಿತು. ಚಿಕ್ಕಮಗಳೂರು, ಶಿವಮೊಗ್ಗ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಓಡಿತು. ದುಡಿಯುವವನೇ ಮಾಲೀಕ ಎಂಬ ಮಾತು ಭಾಷಣದಲ್ಲಷ್ಟೇ ಉಳಿಯದೆ ಮೂರು ದಶಕದ ಹತ್ತಿರ ನಿತ್ಯ ನಡೆದು ತೋರಿಸಿದ ಪ್ರಯೋಗ ಅದು. ನಾಡಿನ ಬೇರೆ ಬೇರೆ ಕಡೆಯಿಂದ ಜನ ಬಂದು ನೋಡಿ ಹೋದರು. ವಿದ್ಯಾರ್ಥಿಗಳಿಗೆ, ಅಂಗವಿಕಲರಿಗೆ ರಿಯಾಯಿತಿ ಕೊಟ್ಟರು. ದೊಡ್ಡ ಬಸ್ಸು ಹೊರಳಲಾಗದ ದಾರಿಗಳಿಗೂ ಹೋದರು. 2020ರ ಫೆಬ್ರುವರಿಯಲ್ಲಿ ಆ ಬಸ್ಸುಗಳು ನಿಂತವು. ಮುಂದಿನ ತಿಂಗಳೇ ಕೊರೋನಾ ಲಾಕ್‌ಡೌನ್ ಬಂತು. ಹಾಗಾಗಿ ಎಷ್ಟೋ ಊರುಗಳು, ನಮ್ಮ ಬಸ್ಸು ನಿಂತದ್ದು ರೋಗದಿಂದ ಎಂದೇ ಭಾವಿಸಿದವು. ಅದು ಅದಕ್ಕೂ ಮೊದಲೇ ನಷ್ಟದಿಂದ ನಿಂತಿತ್ತು.

ಸಂಘ ಯಾಕೆ ಸೋತಿತು? ಡೀಸೆಲ್ ಏರಿತು, ವಿಮೆ ಏರಿತು, ಬಿಡಿಭಾಗ ಏರಿತು, ಮುಖ್ಯ ರಸ್ತೆಗಳಲ್ಲಿ ಪೈಪೋಟಿ ಬಂತು, ಬೈಕುಗಳು ಬಂದವು. ಆಡಳಿತದ ಲೋಪಗಳೂ ಇದ್ದಿರಬಹುದು. ಆದರೆ ನನ್ನ ದೃಷ್ಟಿಯಲ್ಲಿ ಆಳದ ಕಾರಣ ಬೇರೆ. ಕಾರ್ಮಿಕರ ಮಾಲೀಕತ್ವ ಒಂದು ಪ್ರಶ್ನೆಯನ್ನು ಬಗೆಹರಿಸಿತು: ಲಾಭ ಯಾರಿಗೆ? ಇನ್ನೊಂದು ಪ್ರಶ್ನೆ ಹಾಗೆಯೇ ಉಳಿಯಿತು: ಖಾಲಿ ಬಸ್ಸಿನ ಖರ್ಚು ಯಾರಿಗೆ? ಸಂಘದ ಸದಸ್ಯರು ಸರ್ಕಾರ ಮಾಡಬೇಕಾದ ಕೆಲಸವನ್ನು ಮಾಡಿ, ಅದರ ವೆಚ್ಚವನ್ನು ತಮ್ಮ ಸಂಬಳದಿಂದ ತುಂಬಿದರು. ಸಾರ್ವಜನಿಕ ಹೊಣೆಯನ್ನು ಯಾವ ಸಂಸ್ಥೆಯ ತಲೆಗೆ ಕಟ್ಟಿದರೂ, ಅದು ಸಹಕಾರವಾಗಲಿ, ಖಾಸಗಿಯಾಗಲಿ, ನಿಗಮವಾಗಲಿ, ಹಣದ ಏರ್ಪಾಡು ಮಾಡದಿದ್ದರೆ ಫಲ ಒಂದೇ. ಒಳ್ಳೆಯ ಸಂಸ್ಥೆ ಸ್ವಲ್ಪ ನಿಧಾನವಾಗಿ ಸೋಲುತ್ತದೆ, ಅಷ್ಟೆ. ಅಡಿಕೆ ಮಾರಾಟದಿಂದ ಹಿಡಿದು ಸಾಲದವರೆಗೆ ಸಹಕಾರವನ್ನು ನೆಚ್ಚಿ ಬದುಕಿರುವ ಈ ಸೀಮೆ ಆ ಸಂಘವನ್ನು ಕಳೆದುಕೊಂಡದ್ದನ್ನು ಒಂದು ಕಂಪನಿ ಮುಚ್ಚಿದ ಸುದ್ದಿಯಂತೆ ಓದಿ ಮರೆಯಬಾರದಿತ್ತು.

ಹಣದ ವಿಷಯಕ್ಕೆ ಬಂದರೆ ಶಕ್ತಿ ಯೋಜನೆಯನ್ನು ಬಿಟ್ಟು ಮುಂದೆ ಹೋಗಲಾಗದು. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರು ಸರ್ಕಾರದ ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಓಡಾಡಬಹುದು. ನಿಗಮಕ್ಕೆ ಸೊನ್ನೆ ದರದ ಟಿಕೆಟಿನ ಮೌಲ್ಯವನ್ನು ಸರ್ಕಾರ ತುಂಬಿಕೊಡಬೇಕು. ಈ ಯೋಜನೆಯನ್ನು ಬಿಟ್ಟಿ ಎಂದು ಹಂಗಿಸುವವರ ಜೊತೆ ನಾನಿಲ್ಲ. ಹೆಣ್ಣುಮಗಳೊಬ್ಬಳು ಗಂಡನ ಹತ್ತಿರ, ಮಗನ ಹತ್ತಿರ ಚಾರ್ಜಿಗೆ ಕೈಚಾಚದೆ ಮನೆಯಿಂದ ಹೊರಡಬಹುದು ಎಂಬುದು ಸಣ್ಣ ಸಂಗತಿಯಲ್ಲ. ನನ್ನ ಆಕ್ಷೇಪ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು. ಯೋಜನೆ ನಮ್ಮವರಿಗೆ ಸಾಕಷ್ಟು ಮುಟ್ಟಿಲ್ಲ ಎಂಬುದೇ ನನ್ನ ದೂರು. ಮೈಸೂರು ಸೀಮೆಯ ಹಳ್ಳಿಯ ತಾಯಿಗೆ ಮನೆಬಾಗಿಲಿನಿಂದಲೇ ಸಿಗುವ ಸೌಲಭ್ಯ, ಖಾಸಗಿ ಬಸ್ಸು ಮಾತ್ರ ಓಡುವ ಮಲೆನಾಡಿನ ಒಳಹಳ್ಳಿಯ ತಾಯಿಗೆ ಪೇಟೆಯ ಬಸ್ ನಿಲ್ದಾಣ ತಲುಪಿದ ಮೇಲಷ್ಟೇ ಸಿಗುತ್ತದೆ. ಇಬ್ಬರೂ ತೆರಿಗೆ ಕಟ್ಟುವುದು ಒಂದೇ ಸರ್ಕಾರಕ್ಕೆ. ಹಣ ಬಸ್ಸು ಯಾರದ್ದು ಎಂದು ನೋಡಿಕೊಂಡು ಹೋಗುತ್ತಿದೆ, ಪ್ರಯಾಣಿಕರು ಯಾರು ಎಂದು ನೋಡುತ್ತಿಲ್ಲ.

ಇದರ ಇನ್ನೊಂದು ಪರಿಣಾಮ ಚರ್ಚೆಗೆ ಬಂದದ್ದು ಕಡಿಮೆ. ಸರ್ಕಾರಿ ಬಸ್ಸೂ ಖಾಸಗಿ ಬಸ್ಸೂ ಎರಡೂ ಓಡುವ ಮುಖ್ಯ ರಸ್ತೆಯಲ್ಲಿ ಮಹಿಳೆಯರು ಸಹಜವಾಗಿ ಸರ್ಕಾರದ ಕೆಂಪು ಬಸ್ಸಿಗೆ ಹತ್ತುತ್ತಾರೆ. ಖಾಸಗಿ ಮಾಲೀಕರು ಒಳದಾರಿಯ ನಷ್ಟವನ್ನು ತುಂಬಿಕೊಳ್ಳುತ್ತಿದ್ದದ್ದು ಆ ಮುಖ್ಯ ರಸ್ತೆಯ ಕಲೆಕ್ಷನ್ನಿನಿಂದ. ಅದು ಇಳಿದಾಗ ಮೊದಲು ನಿಲ್ಲುವುದು ಒಳದಾರಿಯ ಟ್ರಿಪ್ಪೇ. ಹೀಗೆ ಉಚಿತ ಪ್ರಯಾಣದ ಯೋಜನೆ, ತಾನು ಬಯಸದೆಯೇ, ಕೆಲವು ಹೆಣ್ಣುಮಕ್ಕಳ ಊರಿನಿಂದ ಇದ್ದೊಂದು ಬಸ್ಸನ್ನೂ ದೂರ ಮಾಡಬಲ್ಲದು. ಇದು ಯೋಜನೆಯನ್ನು ಕೈಬಿಡಲು ಕಾರಣವಾಗಬಾರದು, ಅದನ್ನು ಪೂರ್ತಿ ಮಾಡಲು ಕಾರಣವಾಗಬೇಕು.

ರೈಲಿನ ಬಗ್ಗೆ ಒಂದೆರಡು ಮಾತು ಸಾಕು. ತಾಳಗುಪ್ಪದ ಮೀಟರ್‌ಗೇಜ್ ದಾರಿಯಲ್ಲಿ ಒಂದು ಕಾಲಕ್ಕೆ ರೈಲ್ ಬಸ್ಸು ಓಡುತ್ತಿತ್ತು. ಬ್ರಾಡ್‌ಗೇಜ್ ಆದ ಮೇಲೆ ಸಾಗರದವರಿಗೆ ಬೆಂಗಳೂರು, ಮೈಸೂರು ಹತ್ತಿರವಾದವು. ಹೊಸನಗರ ತಾಲ್ಲೂಕಿಗೆ ಅರಸಾಳಿನ ನಿಲ್ದಾಣವಿದೆ, ತೀರ್ಥಹಳ್ಳಿಗೆ ಅದೂ ಇಲ್ಲ. ದೂರದ ಊರಿಗೆ ರೈಲು ಒಳ್ಳೆಯದೇ, ಆದರೆ ಮನೆಯಿಂದ ರೈಲಿನವರೆಗೆ ಬಸ್ಸೇ ಗತಿ.

ಸೇತುವೆಯ ಮಾತನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ನಿಂತಾಗ ಶರಾವತಿಯ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳನ್ನು ಮುಳುಗಿಸಿತು, ಮುಳುಗದೆ ಉಳಿದವನ್ನು ದ್ವೀಪದಂತೆ ಮಾಡಿತು. ತುಮರಿ ಭಾಗದ ಜನಕ್ಕೆ ತಾಲ್ಲೂಕು ಕೇಂದ್ರಕ್ಕೆ ಹೋಗಲು ಹೊಳೆಬಾಗಿಲಿನ ಲಾಂಚೇ ದಾರಿಯಾಯಿತು. ಬಸ್ಸು ರಿವರ್ಸ್ ತೆಗೆದುಕೊಂಡು, ಹಲಗೆಯ ಮೇಲೆ ಚಕ್ರ ಇಟ್ಟು, ಅಂಗುಲ ಅಂಗುಲವಾಗಿ ಲಾಂಚ್ ಹತ್ತುವುದನ್ನು ಸಿಗಂದೂರಿಗೆ ಹೋದವರೆಲ್ಲ ಕಂಡಿದ್ದಾರೆ. ಭಕ್ತರಿಗೆ ಅದೊಂದು ನೋಟವಾಗಿತ್ತು. ಆಚೆ ದಡದವರಿಗೆ ಅದು ಕಡಿವಾಣವಾಗಿತ್ತು: ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಹೆರಿಗೆ ನೋವಾದರೂ, ಹಾವು ಕಚ್ಚಿದರೂ ಬಹಳ ದೂರದ ಸುತ್ತು ದಾರಿಯೇ ಗತಿಯಾಗಿತ್ತು. ನಾಡಿಗೆ ಬೆಳಕು ಕೊಡಲು ತಮ್ಮ ನೆಲ ಬಿಟ್ಟುಕೊಟ್ಟ ಜನ ಸೇತುವೆಗಾಗಿ ಆರು ದಶಕ ಕಾಯಬೇಕಾಯಿತು. 2025ರ ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿ ನಡುವೆ 2.44 ಕಿಲೋಮೀಟರ್ ಉದ್ದದ, 470 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದ ಸೇತುವೆ ಲೋಕಾರ್ಪಣೆಯಾಯಿತು. ಅದು ಬರಲೇಬೇಕಿತ್ತು, ಬಂದದ್ದು ಸಂತೋಷ. ಆದರೆ ಸೇತುವೆ ಉದ್ಘಾಟನೆಯಾದ ದಿನವೇ ಅದರ ಮೇಲೆ ಇಂತಿಷ್ಟು ಹೊತ್ತಿಗೆ ಇಂತಿಷ್ಟು ಬಸ್ಸು ಎಂಬ ವೇಳಾಪಟ್ಟಿಯೂ ಸರ್ಕಾರದ ಬದ್ಧತೆಯಾಗಿ ಹೊರಬೀಳಬೇಕು ಎಂಬ ಪದ್ಧತಿ ನಮ್ಮಲ್ಲಿಲ್ಲ. ಕಟ್ಟುವುದಕ್ಕೆ ಹಣ ಸಿಗುತ್ತದೆ, ನಡೆಸುವುದಕ್ಕೆ ಸಿಗುವುದಿಲ್ಲ. ಸಂಸದರ ಪ್ರದೇಶಾಭಿವೃದ್ಧಿ ನಿಧಿಯ ನಿಯಮವೇ ಬಾಳಿಕೆ ಬರುವ ಆಸ್ತಿಗೆ ಮಾತ್ರ ಖರ್ಚು ಮಾಡಿ ಎನ್ನುತ್ತದೆ. ಹಾಗಾಗಿ ಬಸ್ ತಂಗುದಾಣ ಕಟ್ಟಬಹುದು, ಬಸ್ಸಿನ ಡೀಸೆಲ್ಲಿಗೆ ಕೊಡುವಂತಿಲ್ಲ. ಬಸ್ಸು ಬಾರದ ತಂಗುದಾಣಗಳು ನಮ್ಮ ದಾರಿಗಳಲ್ಲಿ ಕಾಣುವುದಕ್ಕೆ ಕಾರಣ ಈ ಲೆಕ್ಕಪದ್ಧತಿ.

ಇದು ಹಣಕಾಸಿನ ಪ್ರಶ್ನೆಯಷ್ಟೇ ಅಲ್ಲ, ರಾಜಕಾರಣದ್ದೂ ಹೌದು. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತ ನೆಲ ಇದು. ಮರುವರ್ಷವೇ ಆರಗದ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದ ಜನ ಇಲ್ಲಿಯವರು. ಉಳುವವನಿಗೆ ಭೂಮಿ ದಯೆಯಿಂದ ಬರುವುದಲ್ಲ, ಹಕ್ಕಿನಿಂದ ಬರುವುದು ಎಂಬ ವಿವೇಕವನ್ನು ಇಡೀ ರಾಜ್ಯಕ್ಕೆ ಕಲಿಸಿದ ಸೀಮೆ, ಬಸ್ಸಿನ ವಿಷಯದಲ್ಲಿ ಮಾತ್ರ ಮನವಿ ಪತ್ರ ಹಿಡಿದು ನಿಂತಿದೆ. ಯಾರೋ ಬಸ್ಸು ಬಿಡಿಸುತ್ತಾರೆ, ಮೊದಲ ದಿನ ತೆಂಗಿನಕಾಯಿ ಒಡೆದು ಹಾರ ಹಾಕಿ ಫೋಟೋ ತೆಗೆಸಿಕೊಳ್ಳುತ್ತೇವೆ. ಕೆಲವು ತಿಂಗಳ ನಂತರ ಅದು ನಿಂತಾಗ ಯಾವ ಆದೇಶ ರದ್ದಾಯಿತು ಎಂದು ಕೇಳಲು ನಮ್ಮ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ಹಾಗಾದರೆ ಬೇರೆಯವರು ಏನು ಮಾಡಿದ್ದಾರೆ? ಸ್ವಿಟ್ಜರ್‌ಲ್ಯಾಂಡಿನಲ್ಲಿ ವರ್ಷವಿಡೀ ಕನಿಷ್ಠ 100 ಜನ ವಾಸಿಸುವ ಊರನ್ನು ಸಾರ್ವಜನಿಕ ಸಾರಿಗೆಯಿಂದ ಜೋಡಿಸುವುದಕ್ಕೆ ಒಕ್ಕೂಟ ಸರ್ಕಾರವೂ ಪ್ರಾಂತ್ಯವೂ ಸೇರಿ ಹಣ ಕೊಡುತ್ತವೆ. ಗುಡ್ಡದ ತುದಿಯ ಊರಿಗೂ ಅಂಚೆ ಇಲಾಖೆಯ ಹಳದಿ ಬಸ್ಸು ಹೋಗುತ್ತದೆ. ಅದು ಶ್ರೀಮಂತ ದೇಶ ಎಂದು ತಳ್ಳಿಹಾಕುವವರು ಪಕ್ಕದ ಕೇರಳವನ್ನು ನೋಡಬಹುದು. ಅಲ್ಲಿ 2022ರ ಜುಲೈಯಲ್ಲಿ ತಿರುವನಂತಪುರ ಜಿಲ್ಲೆಯ ಕೊಲ್ಲಯಿಲ್ ಪಂಚಾಯಿತಿಯಲ್ಲಿ ಗ್ರಾಮವಂಡಿ ಎಂಬ ಸೇವೆ ಶುರುವಾಯಿತು. ಬಸ್ಸು, ಸಿಬ್ಬಂದಿ, ರಿಪೇರಿ ರಾಜ್ಯದ ಸಾರಿಗೆ ನಿಗಮದ್ದು. ಡೀಸೆಲ್ಲಿನ ಖರ್ಚು ಸ್ಥಳೀಯ ಸಂಸ್ಥೆಯದ್ದು. ದಾರಿ ಯಾವುದು, ಹೊತ್ತು ಯಾವುದು ಎಂದು ಹೇಳುವ ಅಧಿಕಾರ, ಹಣ ಕೊಡುವ ಪಂಚಾಯಿತಿಗೆ. ಕೇರಳದ ಪಂಚಾಯಿತಿಗಳ ಕೈಯಲ್ಲಿರುವ ಹಣ ನಮ್ಮ ಪಂಚಾಯಿತಿಗಳಲ್ಲಿಲ್ಲ ಎಂಬುದು ನಿಜ. ಆದರೂ ಅಲ್ಲಿಂದ ಕಲಿಯಬೇಕಾದದ್ದು ಇದೆ. ಅಲ್ಲಿ ಖರ್ಚನ್ನು ಮುಚ್ಚಿಡದೆ ಎರಡು ಭಾಗ ಮಾಡಿ, ಪ್ರತಿ ಭಾಗಕ್ಕೂ ಒಬ್ಬ ಹೊಣೆಗಾರನನ್ನು ಹೆಸರಿಸಿದರು.

ನಮ್ಮ ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. 13ನೆಯದು ರಸ್ತೆ, ಮೋರಿ, ಸೇತುವೆ, ದೋಣಿ ಸಾಗಣೆ, ಜಲಮಾರ್ಗ ಮತ್ತು ಇತರ ಸಂಪರ್ಕ ಸಾಧನಗಳು. ಬಸ್ಸನ್ನು ಈ ಪಟ್ಟಿಯ ಹೊರಗಿನದು ಎಂದು ಭಾವಿಸುವುದಕ್ಕೆ ಯಾವ ಕಾರಣವೂ ಇಲ್ಲ. ಶಿವಮೊಗ್ಗದಲ್ಲಿ ಕಚೇರಿಯಿರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಕಾಲುಸಂಕ, ರಸ್ತೆ, ಸಮುದಾಯ ಭವನಗಳಿಗೆ ಹಣ ಕೊಡುತ್ತ ಬಂದಿದೆ. ಮಲೆನಾಡಿನ ಹಿಂದುಳಿದಿರುವಿಕೆಯನ್ನು ನೀಗುವುದೇ ಅದರ ಉದ್ದೇಶವಾದರೆ, ಕಾಲುಸಂಕ ದಾಟಿ ರಸ್ತೆಗೆ ಬಂದ ಮಗುವಿಗೆ ಬಸ್ಸು ಸಿಗುವಂತೆ ಮಾಡುವುದೂ ಅದೇ ಉದ್ದೇಶದ ಮುಂದುವರಿಕೆಯೇ.

ನನ್ನ ಸಲಹೆ ಇಷ್ಟು. ಮೊದಲು ಸೇವೆ ಗೊತ್ತಾಗಲಿ, ಆಮೇಲೆ ಓಡಿಸುವವರು ಯಾರು ಎಂದು ನೋಡೋಣ. ಪ್ರತಿ ಗ್ರಾಮ ಪಂಚಾಯಿತಿ ಕೇಂದ್ರದಿಂದ ಶಾಲೆ, ಕಾಲೇಜು, ಕಚೇರಿ ತೆರೆಯುವ ಮೊದಲು ತಾಲ್ಲೂಕು ಪೇಟೆ ಮುಟ್ಟಿಸುವ ಒಂದು ಬಸ್ಸು, ಮಧ್ಯಾಹ್ನ ಆಸ್ಪತ್ರೆಯಿಂದ ಮರಳುವವರಿಗೆ ಒಂದು, ಸಂಜೆ ಕಚೇರಿ ಮುಚ್ಚಿದ ಮೇಲೆ ಹೊರಡುವ ಒಂದು. ಭಾನುವಾರವೂ, ಮಳೆಗಾಲದಲ್ಲೂ. ಮೂರು ತಾಲ್ಲೂಕಿನ ಇಂಥ ದಾರಿಗಳನ್ನು ಜಿಲ್ಲಾಡಳಿತ ಪಟ್ಟಿ ಮಾಡಿ ಪ್ರಕಟಿಸಲಿ. ಲಾಭದಲ್ಲಿ ಓಡುವ ದಾರಿಗಳನ್ನು ಅವುಗಳ ಪಾಡಿಗೆ ಬಿಟ್ಟು, ಉಳಿದವಕ್ಕೆ ಟೆಂಡರ್ ಕರೆಯಲಿ. ಕಿಲೋಮೀಟರಿಗೆ ಎಷ್ಟು ಕಡಿಮೆ ನೆರವಿನಲ್ಲಿ ಓಡಿಸುತ್ತೀರಿ ಎಂದು ಕೇಳಿದಾಗ ನಿಗಮವೂ ಬರಬಹುದು, ಖಾಸಗಿ ಮಾಲೀಕರೂ ಬರಬಹುದು, ನಾಳೆ ಹೊಸ ಸಹಕಾರ ಸಂಘವೂ ಬರಬಹುದು. ಹಣ ಓಡಿದ ಕಿಲೋಮೀಟರಿಗೆ ಮಾತ್ರ. ಓಡದ ಟ್ರಿಪ್ಪಿಗೆ ಕಾಸಿಲ್ಲ, ಮೇಲೆ ದಂಡ. ಈ ದಾರಿಗಳ ಬಸ್ಸಿಗೆ ತ್ರೈಮಾಸಿಕ ತೆರಿಗೆಯ ರಿಯಾಯಿತಿ ಕೊಡಲಿ. ಸಣ್ಣ ಬಸ್ಸು ಸಾಕು, ನಮ್ಮ ತಿರುವುಗಳಿಗೆ ಅದೇ ಸರಿ. ಟೆಂಡರಿನ ಬಸ್ಸು ಸರ್ಕಾರದ ಪರವಾಗಿ ಓಡುವುದರಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣವನ್ನೂ ಅದಕ್ಕೆ ವಿಸ್ತರಿಸಬಹುದು. ಮಲೆನಾಡಿನ ಹೆಣ್ಣುಮಕ್ಕಳಿಗೆ ಆಗಿರುವ ಅನ್ಯಾಯಕ್ಕೆ ಇದಕ್ಕಿಂತ ನೇರವಾದ ಪರಿಹಾರ ನನಗೆ ಕಾಣುತ್ತಿಲ್ಲ.

ಆಕ್ಷೇಪಗಳು ಬರುತ್ತವೆ, ಬರಬೇಕು ಕೂಡ. ಓಡಿಸದೆ ಬಿಲ್ ಮಾಡಿದರೆ ಎಂಬ ಅನುಮಾನ ನ್ಯಾಯವಾದದ್ದೇ. ಹೊಸ ಸಾರ್ವಜನಿಕ ವಾಹನಗಳಲ್ಲಿ ಸ್ಥಳ ಗುರುತಿಸುವ ಸಾಧನ ಕಡ್ಡಾಯವಾಗಿದೆ. ಆ ದಾಖಲೆ ಪಂಚಾಯಿತಿಗೂ ಕಾಣುವಂತಿರಲಿ, ನೆಟ್‌ವರ್ಕ್ ಸಿಗದ ಕಡೆ ಕೊನೆಯ ಸ್ಟಾಪಿನ ಅಂಗಡಿಯಲ್ಲಿ ಒಂದು ಪುಸ್ತಕ ಇಟ್ಟು ಬಸ್ಸು ಬಂದ ಹೊತ್ತನ್ನು ಬರೆಸಲಿ. ಖಾಸಗಿಯವರ ಕಿಸೆಗೆ ಸರ್ಕಾರದ ಹಣವೇ ಎಂಬ ಇನ್ನೊಂದು ಆಕ್ಷೇಪವಿದೆ. ರಸ್ತೆ ಕಟ್ಟುವ ಗುತ್ತಿಗೆದಾರರಿಗೆ ಕೊಡುವಾಗ ಈ ಪ್ರಶ್ನೆ ನಮಗೆ ಹೊಳೆಯುವುದಿಲ್ಲ. ಕೆಲಸವನ್ನು ಅಳೆದು ಹಣ ಕೊಡುತ್ತೇವೆ. ಇಲ್ಲೂ ಹಾಗೆಯೇ ಅಳೆಯಬೇಕು. ನಿಗಮವನ್ನೇ ಬಲಪಡಿಸಿ ಎಲ್ಲ ದಾರಿಗೂ ಕೆಂಪು ಬಸ್ಸು ಬಿಡಿ ಎನ್ನುವವರ ಆಶಯವನ್ನು ನಾನು ಗೌರವಿಸುತ್ತೇನೆ. ಆದರೆ ನಿಗಮಕ್ಕೂ ಒಳದಾರಿಯ ನಷ್ಟವನ್ನು ಯಾರಾದರೂ ತುಂಬಿಕೊಡಲೇಬೇಕು. ತುಂಬಿಕೊಡುವ ಏರ್ಪಾಡೇ ಇಲ್ಲದೆ ಬಸ್ಸು ಬಿಟ್ಟರೆ ಸಹಕಾರ ಸಾರಿಗೆಗೆ ಆದದ್ದೇ ಆ ರೂಟಿಗೂ ಆಗುತ್ತದೆ.

ಕೆಲಸ ಶುರುವಾಗಬೇಕಾದದ್ದು ಗ್ರಾಮಸಭೆಯಲ್ಲಿ. ನಮ್ಮೂರಿಗೆ ಬಸ್ಸು ಬೇಕು ಎಂಬ ಒಂದು ಸಾಲಿನ ಠರಾವು ಸಾಲದು. ಯಾವ ತಿರುವಿನಿಂದ ಎಷ್ಟು ಮಕ್ಕಳು ಯಾವ ಕಾಲೇಜಿಗೆ ಎಷ್ಟು ಹೊತ್ತಿಗೆ ಮುಟ್ಟಬೇಕು, ಡಯಾಲಿಸಿಸ್‌ಗೆ ವಾರಕ್ಕೆ ಎಷ್ಟು ಸಲ ಯಾರು ಹೋಗುತ್ತಾರೆ, ಕೂಲಿಯವರು ಎಷ್ಟು ಹೊತ್ತಿಗೆ ಮರಳುತ್ತಾರೆ, ಹೋದ ವರ್ಷ ಇದ್ದ ಯಾವ ಟ್ರಿಪ್ ಈ ವರ್ಷ ಇಲ್ಲ, ಅದಕ್ಕೆ ಪರ್ಮಿಟ್ ಇನ್ನೂ ಜೀವಂತವಾಗಿದೆಯೇ ಎಂಬುದೆಲ್ಲ ಅದರಲ್ಲಿ ಇರಬೇಕು. ಪರ್ಮಿಟ್ಟಿನ ವಿವರ ಆರ್‌ಟಿಒ ಕಚೇರಿಯಲ್ಲಿದೆ, ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಕೊಡಲೇಬೇಕು. ಮಕ್ಕಳ ಲೆಕ್ಕ ಶಾಲೆಗಳಲ್ಲಿದೆ, ರೋಗಿಗಳ ಲೆಕ್ಕ ಆಶಾ ಕಾರ್ಯಕರ್ತೆಯರಿಗೆ ಗೊತ್ತಿದೆ. ಅರಳಸುರಳಿಯೂ ಸುತ್ತಲಿನ ಪಂಚಾಯಿತಿಗಳೂ ಇದನ್ನು ಒಟ್ಟಾಗಿ ಬರೆದು ಕೊಟ್ಟರೆ, ಪ್ರಾಧಿಕಾರದ ಅಧ್ಯಕ್ಷರಾಗಿ ಜಿಲ್ಲಾಧಿಕಾರಿಗಳು ಅದಕ್ಕೆ ಲಿಖಿತ ಉತ್ತರ ಕೊಡಬೇಕಾಗುತ್ತದೆ. ಜೂನ್ ತಿಂಗಳಲ್ಲಿ ತರಗತಿಗಳು ಆರಂಭವಾಗುವ ಮೊದಲೇ ಆ ಪಟ್ಟಿ ಅವರ ಕೈ ಸೇರಿರಬೇಕು. ಮಳೆ ಹಿಡಿದ ಮೇಲೆ ಟೈಮಿಂಗ್ ಬದಲಿಸುವ ಮಾತನ್ನು ಯಾವ ಕಚೇರಿಯೂ ಕಿವಿಗೆ ಹಾಕಿಕೊಳ್ಳುವುದಿಲ್ಲ.